ಮಣ್ಣಿಗೆ ಕರಗದ ಗಂಡ

ಕವಾಲಾ ಬಂದರಿನ ಮೇಲಿನ ಓಣಿಗಳಲ್ಲಿ ಯಾರ ಮನೆಯ ಮೂಳೆ ತೊಳೆಯಬೇಕಿದ್ದರೂ ಮೊದಲು ಕರೆ ಹೋಗುತ್ತಿದ್ದದ್ದು ಸ್ಮರಾಗ್ದಾಳಿಗೆ. ಅಲ್ಲಿ ಮಣ್ಣು ಮಾಡಿ ಬಂದ ಮಾತ್ರಕ್ಕೆ ಸತ್ತವರ ಕೆಲಸ ಮುಗಿಯುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಗೋರಿ ತೆಗೆಯಬೇಕು, ಮೂಳೆಗಳನ್ನು ಎತ್ತಿ ವೈನಿನಲ್ಲಿ ತೊಳೆಯಬೇಕು, ಬಿಸಿಲಿಗಿಟ್ಟು ಆರಿಸಬೇಕು, ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಮೂಳೆಮನೆ ಸೇರಿಸಬೇಕು. ಆಗಲೇ ಸತ್ತವನು ನೆಟ್ಟಗೆ ಸತ್ತ ಹಾಗೆ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಕೈ ಹಚ್ಚಲು ಅಳುಕುವ ಆ ಹೊತ್ತಿನಲ್ಲಿ ಸ್ಮರಾಗ್ದಾ ತೋಳು ಮಡಚಿಕೊಂಡು ನೆಲಕ್ಕೆ ಮೊಣಕಾಲೂರುತ್ತಿದ್ದಳು. ಮೊದಲು ತಲೆಬುರುಡೆಯನ್ನೆತ್ತಿ, ಹಣೆಗೆ ಮುತ್ತಿಟ್ಟು, "ಬಂದ್ಯಾ? ಬಾ, ಬಿಸಿಲು ನೋಡು" ಎಂದು ದೂರದಿಂದ ಬಂದ ನೆಂಟರನ್ನು ಮಾತಾಡಿಸುವಂತೆ ಮಾತಾಡಿಸುತ್ತಿದ್ದಳು.

ಹುಡುಗಿಯಾಗಿದ್ದಾಗ ಬಂದರಿನ ಹೊಗೆಸೊಪ್ಪಿನ ಗೋದಾಮಿನಲ್ಲಿ ಎಲೆ ವಿಂಗಡಿಸಿದ ಬೆರಳುಗಳು ಅವು. ಎಲೆ ಎಷ್ಟು ಒಣಗಿದೆ ಎಂದು ಮುಟ್ಟಿದರೆ ತಿಳಿಯುವ ಹಾಗೆ, ಮೂಳೆ ಮುಟ್ಟಿದರೆ ಅದರೊಳಗಿದ್ದವನ ಗುಣ ಅವಳಿಗೆ ತಿಳಿಯುತ್ತದೆ ಎಂದು ಓಣಿಯವರು ನಂಬಿದ್ದರು. ಮೂಳೆ ಜೇನುಮೇಣದ ಹಳದಿಗೆ ತಿರುಗಿದ್ದರೆ ಸತ್ತವನು ಪುಣ್ಯವಂತ. ಕಪ್ಪಿಟ್ಟಿದ್ದರೆ ಮನೆಯವರು ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ಸ್ಮರಾಗ್ದಾ ಯಾರ ಮೂಳೆಯ ಬಣ್ಣವನ್ನೂ ಹೊರಗೆ ಆಡಿಕೊಂಡವಳಲ್ಲ. ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಆಡೀತು, ಎಲುಬು ತೊಳೆಯುವವಳು ಆಡಬಾರದು ಎನ್ನುತ್ತಿದ್ದಳು. ಬಾಯಿ ಬಿಗಿಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಅದು ಗುಣವೂ ಹೌದು, ರೋಗವೂ ಹೌದು.

ಇಂಥವಳ ಗಂಡನೇ ಕರಗಲಿಲ್ಲ.

ಗಂಡ ಸ್ತ್ರಾತಿಸ್ ಸತ್ತು ಮೂರು ವರ್ಷಕ್ಕೆ ಗೋರಿ ತೆಗೆಸಿದಾಗ ಅವಳು ಒಳ್ಳೆಯ ಸಿಹಿ ವೈನು, ಹೊಸ ಬಟ್ಟೆ, ತುಳಸಿಯ ಕಟ್ಟು ಎಲ್ಲ ಹಿಡಿದು ನಿಂತಿದ್ದಳು. ಗುಂಡಿ ತೋಡುವ ಅನೆಸ್ತಿಸ್ ಹಲಗೆ ಎತ್ತಿದವನು ಹಾಗೇ ಇಳಿಸಿಬಿಟ್ಟ. ಅನೆಸ್ತಿಸ್ ಎಂದರೆ ಸತ್ತು ಎದ್ದವನು ಎಂದರ್ಥ. ಗುಂಡಿ ತೋಡುವವನಿಗೆ ಇಂಥ ಹೆಸರಿಟ್ಟ ಅವನ ಅಜ್ಜಿಯನ್ನು ಓಣಿಯವರು ಇಂದಿಗೂ ನೆನೆಸಿಕೊಂಡು ನಗುತ್ತಾರೆ. ಅವತ್ತು ಮಾತ್ರ ಯಾರೂ ನಗಲಿಲ್ಲ.

"ಇನ್ನೂ ಇದ್ದಾನೆ ಕೀರಾ ಸ್ಮರಾಗ್ದಾ" ಎಂದ ಅನೆಸ್ತಿಸ್. ಹಿರಿಯ ಹೆಂಗಸರನ್ನು ಅಲ್ಲಿ ಮರ್ಯಾದೆಗೆ ಕೀರಾ ಎನ್ನುತ್ತಾರೆ.

ಅವಳು ಬಗ್ಗಿ ನೋಡಿದಳು. ಹುಬ್ಬು ಹುಬ್ಬಾಗಿಯೇ ಇತ್ತು. ಅವಳೇ ಕತ್ತರಿಸಿದ್ದ ಮೀಸೆ ಕತ್ತರಿಸಿದಷ್ಟೇ ಇತ್ತು. ಚರ್ಮ ಮಾತ್ರ ಹಳೆ ಚಪ್ಪಲಿಯ ಬಣ್ಣಕ್ಕೆ ತಿರುಗಿತ್ತು. ಏನೋ ಹೇಳಲು ಹೊರಟು ತಡೆದವನ ಹಾಗೆ ಬಾಯಿ ಚೂರು ತೆರೆದಿತ್ತು.

ಪಾದ್ರಿ ಬಂದು ಬಿಡುಗಡೆಯ ಪ್ರಾರ್ಥನೆ ಓದಿ ಮಣ್ಣು ಮುಚ್ಚಿಸಿದರು. ಎರಡು ವರ್ಷ ಬಿಟ್ಟು ಮತ್ತೆ ತೆಗೆದರು. ಅದೇ ಮೀಸೆ, ಅದೇ ಬಾಯಿ. ಆ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಜೇಡಿಮಣ್ಣು ಎಂದು ಊರಿನ ವಿದ್ಯಾವಂತರು ಸಮಾಧಾನ ಹೇಳಿದರು. ಅದೇ ನೀರಿನಲ್ಲಿ, ಅದೇ ಜೇಡಿಯಲ್ಲಿ ಪಕ್ಕದ ಗೋರಿಯ ಸುಂಕದ ಗುಮಾಸ್ತ ಮೂಳೆ ಮೂಳೆಯಾಗಿ ಎದ್ದುಬಂದಿದ್ದ. ಅವನೇನು ದೇವದೂತನಾಗಿರಲಿಲ್ಲ ಎಂಬುದು ಬಂದರಿಗೆಲ್ಲ ಗೊತ್ತಿತ್ತು. ಊರ ಬಾಯಿಗೆ ಮುಚ್ಚಳವಿಲ್ಲ. ಸ್ಮರಾಗ್ದಾಳನ್ನು ಮೂಳೆ ತೊಳೆಯಲು ಕರೆಯುವುದು ನಿಂತಿತು. ಸ್ವಂತ ಗಂಡನನ್ನೇ ಮಣ್ಣು ಮುಟ್ಟದಿರುವಾಗ ಅವಳ ಕೈ ನಮ್ಮವರಿಗೆ ಆಗಿಬರುತ್ತದೆಯೇ ಎಂದು ಜನ ಹೇಳಿಕೊಂಡರು. ಕರೆ ನಿಂತದ್ದಕ್ಕೆ ಅವಳು ಅಷ್ಟೇನೂ ಕೊರಗಲಿಲ್ಲ. ಸ್ತ್ರಾತಿಸ್ ಅಲ್ಲಿ ಕತ್ತಲಲ್ಲಿ ಬಾಯಿ ತೆರೆದುಕೊಂಡು ಮಲಗಿರುವುದು, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ, ಅದು ಅವಳ ಊಟ ಇಳಿಯದ ಹಾಗೆ ಮಾಡಿತು. ಮೂರನೇ ಸಲ ತೆಗೆಯುವುದು, ಊರಿನ ಸತ್ತವರಿಗೆಲ್ಲ ಪ್ರಾರ್ಥನೆ ನಡೆಯುವ ಸತ್ತವರ ಶನಿವಾರದಂದು ಎಂದು ನಿಶ್ಚಯವಾಯಿತು. ಅಷ್ಟರೊಳಗೆ ಅವನನ್ನು ಹಿಡಿದಿಟ್ಟಿರುವ ಗಂಟು ಯಾವುದೆಂದು ಹುಡುಕಿ ಬಿಚ್ಚಬೇಕಿತ್ತು.

ಬಿಚ್ಚುವ ದಾರಿ ಅಲ್ಲಿಯ ಎಲ್ಲ ಮುದುಕಿಯರಿಗೂ ಗೊತ್ತು. ಸತ್ತವನ ಮೇಲೆ ಯಾರದಾದರೂ ಶಾಪವಿದ್ದರೆ ಮಣ್ಣು ಅವನನ್ನು ತಿನ್ನುವುದಿಲ್ಲ. ಶಾಪ ಹಾಕಿದವರು ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ತಮ್ಮ ಬೆರಳಿನಿಂದಲೇ ಕಲಕಿ, 'ಈ ಉಪ್ಪು ಕರಗಿದ ಹಾಗೆ ನನ್ನ ಸಿಟ್ಟೂ ಕರಗಲಿ' ಎನ್ನಬೇಕು. ಆಮೇಲೆ ಆ ನೀರನ್ನು ಗೋರಿಗೆ ಚೆಲ್ಲಬೇಕು. ಸ್ಮರಾಗ್ದಾ ಕರವಸ್ತ್ರದ ತುದಿಯಲ್ಲಿ ಉಪ್ಪು ಗಂಟುಕಟ್ಟಿಕೊಂಡು, ಗಾಜಿನ ಲೋಟವೊಂದನ್ನು ಚೀಲದಲ್ಲಿಟ್ಟುಕೊಂಡು ಮನೆಮನೆ ಹತ್ತಿ ಇಳಿದಳು.

ಕ್ಷೌರದ ಪಂತೆಲಿಸ್ ಕತ್ತರಿ ಕೆಳಗಿಟ್ಟು ಕೂಗಾಡಿದ. "ಶಾಪ ಹಾಕದೆ ಬಿಡ್ತೀನಾ? ಇಪ್ಪತ್ತು ವರ್ಷ ಪಗಡೆಯಲ್ಲಿ ಮೋಸ ಮಾಡಿದ್ದಾನೆ ನಿನ್ ಗಂಡ! ದಾಳನ ಉಗುರಲ್ಲೇ ಮಗುಚ್ತಿದ್ದ ಕಳ್ಳ! ತಾ ಇಲ್ಲಿ ಲೋಟನ." ಬೆರಳಾಡಿಸಿದ. ಉಪ್ಪು ಕರಗಿತು. "ಕರಗ್ತು ನೋಡು. ಆದ್ರೆ ಅವ್ನಿಗೆ ಹೇಳಿರು, ನಾನು ಅಲ್ಲಿಗೆ ಬಂದಾಗ ಮೊದಲ್ನೇ ಆಟ ನಂದು."

ಮೀನು ಉಪ್ಪಿಗೆ ಹಾಕುವ ಝುಂಬುಲಿಯಾಳಿಗೆ ಸ್ತ್ರಾತಿಸ್ ಹರೆಯದಲ್ಲಿ ಮದುವೆಯ ಮಾತು ಕೊಟ್ಟು ಕೈಕೊಟ್ಟಿದ್ದ. ಅವಳ ಹತ್ತಿರ ಹೋಗಲು ಸ್ಮರಾಗ್ದಾಳಿಗೆ ಕಾಲೇ ಏಳಲಿಲ್ಲ. ಹೋದಳು.

"ಉಪ್ಪು ಯಾಕೆ ತಂದೆ, ನನ್ ಕೈಯೇ ಉಪ್ಪು" ಎಂದು ಝುಂಬುಲಿಯಾ ಮೀನಿನ ಕೈಯನ್ನು ಹಾಗೇ ಲೋಟಕ್ಕೆ ಅದ್ದಿದಳು. "ನಿನ್ನ ಕಟ್ಕೊಂಡ ಮಾರನೇ ದಿನಾನೇ ನಾನು ಬಚಾವಾದೆ ಅಂತ ಮಾತೆ ಮೇರಿಗೆ ಮೇಣದಬತ್ತಿ ಹಚ್ಚಿದ್ದೆ ಕಣೇ. ಶಾಪ ಬೇರೆ ಹಾಕ್ಲಾ?"

ಹೀಗೆ ಬದುಕಿದ್ದವರೆಲ್ಲ ಹೊಟ್ಟೆಗೆ ಹಾಕಿಕೊಂಡರು. ಎಲ್ಲರ ಕೈಯಲ್ಲೂ ಉಪ್ಪು ಕರಗಿತು. ಸ್ಮರಾಗ್ದಾ ಎಲ್ಲ ನೀರನ್ನೂ ಗೋರಿಗೆ ಚೆಲ್ಲಿದಳು. ಆದರೂ ಅವಳ ಮನಸ್ಸಿಗೆ ನೆಮ್ಮದಿ ಬರಲಿಲ್ಲ. ಅದನ್ನು ನೋಡಿ ಅನೆಸ್ತಿಸ್ ಸನಿಕೆಗೆ ಆತುಕೊಂಡು ತಲೆ ಕೆರೆದುಕೊಂಡ.

"ಬದುಕಿರೋರು ಮುಗಿದ್ರು ಕೀರಾ. ಸತ್ತೋರ ಪೈಕಿ ಯಾರಾದ್ರೂ ಇದ್ದಾರಾ ನೋಡು."

"ಸತ್ತೋರಿಗೆ ಅವ್ನೇನು ಮಾಡಿದ್ದ?"

"ಮ್ಯೂಸಿಯಂನೋರ ಜತೆ ಹಳೇ ಗೋರಿ ಅಗೀತಿದ್ನಲ್ಲ. ನಾನೂ ತೆಗೀತೀನಿ, ಇಲ್ಲ ಅನ್ನಲ್ಲ. ಆದ್ರೆ ನಾನು ತೆಗೆದೋರು ತೊಳಸ್ಕೊಂಡು ಮರ್ಯಾದೆಯಾಗಿ ಪೆಟ್ಟಿಗೆ ಸೇರ್ತಾರೆ. ಅವ್ನು ತೆಗೆದ ಆ ಹುಡುಗಿ ಗಾಜೊಳಗೆ ಮಲಗಿದ್ದಾಳೆ. ಶಾಲೆ ಮಕ್ಕಳು ಬಂದು ಮೂಗು ಒತ್ತಿ ನೋಡ್ತಾವೆ. ಅವಳಿಗೆ ಸಿಟ್ಟಿರಲ್ವಾ?"

ಆ ಹುಡುಗಿಯ ಮಾತೆತ್ತಿದರೆ ಸ್ಮರಾಗ್ದಾಳ ಮುಖ ಗಂಟಾಗುತ್ತದೆ ಎಂಬುದು ಅನೆಸ್ತಿಸ್‌ಗೆ ಗೊತ್ತಿರಲಿಲ್ಲ. ಅವನಿಗಾಗಲಿ ಓಣಿಯ ಈಗಿನವರಿಗಾಗಲಿ ಲೆಮೋನಿಯ ವಿಷಯವೇ ಸರಿಯಾಗಿ ಗೊತ್ತಿರಲಿಲ್ಲ.

ಲೆಮೋನಿ, ಸ್ಮರಾಗ್ದಾ ಮತ್ತು ಸ್ತ್ರಾತಿಸ್‌ರ ಒಬ್ಬಳೇ ಮಗಳು. ಒಂಬತ್ತನೇ ವರ್ಷದಲ್ಲಿ ಮಿದುಳು ಜ್ವರ ಬಂದು ಎರಡೇ ದಿನದಲ್ಲಿ ಹೋದಳು. ಅವಳ ಚಪ್ಪಲಿ ಬಾಗಿಲಲ್ಲೇ ಇದ್ದ ಆ ಮನೆಯಲ್ಲಿ ಇರಲಾರದೆ ಸ್ಮರಾಗ್ದಾ ಜರ್ಮನಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋದಳು. ಮೂರು ವರ್ಷಕ್ಕೆ ಬಂದು ಮಗುವಿನ ಮೂಳೆ ತೊಳೆಯುತ್ತೇನೆ, ಅಲ್ಲಿಯವರೆಗೆ ನೋಡಿಕೋ ಎಂದು ಗಂಡನಿಗೆ ಹೇಳಿಹೋಗಿದ್ದಳು. ಆ ಕಾಲದಲ್ಲಿ ಹಳೆಯ ಸ್ಮಶಾನದಲ್ಲಿ ಜಾಗಕ್ಕೆ ನೂಕುನುಗ್ಗಲು. ಅವಧಿ ತುಂಬಿದ ಗೋರಿಯ ಮೂಳೆಗಳನ್ನು ಮನೆಯವರು ಬಂದು ಎತ್ತಿಕೊಳ್ಳದಿದ್ದರೆ, ಅವನ್ನು ಎಲ್ಲರ ಮೂಳೆ ಬೀಳುವ ಆಳದ ಬಾವಿಗೆ ಸುರಿದು ಜಾಗವನ್ನು ಬೇರೆಯವರಿಗೆ ಕೊಡುತ್ತಿದ್ದರು. ಸ್ತ್ರಾತಿಸ್‌ಗೆ ಹೇಳಿಕಳಿಸಿದರು. ನಾಳೆ ಬರುತ್ತೇನೆ ಎಂದ. ಆಗ ಅವನು ಊರಾಚೆ ಅಗೆತದ ಕೂಲಿಯಲ್ಲಿದ್ದ. ಮಣ್ಣಿನಡಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಒಬ್ಬ ಹುಡುಗಿ ಸಿಕ್ಕಿದ್ದಳು. ಅಷ್ಟು ಮೆತ್ತಗೆ ಬ್ರಷ್ ಆಡಿಸುವ ಕೈ ಅವನದೊಂದೇ ಎಂದು ಅವನನ್ನೇ ಅಲ್ಲಿ ಕೂರಿಸಿದ್ದರು. ನಾಳೆ ಎಂದ, ನಾಡಿದ್ದು ಎಂದ. ಹಲ್ಲಿನ ಬ್ರಷ್ಷಿನಷ್ಟು ಸಣ್ಣ ಬ್ರಷ್ಷಿನಿಂದ ಆ ಹುಡುಗಿಯ ಒಂದೊಂದು ಬೆರಳಿನ ಮಣ್ಣನ್ನೂ ಬಿಡಿಸುತ್ತ ಕೂತ.

ಸ್ಮರಾಗ್ದಾ ಬಿಳಿ ಬಟ್ಟೆ, ವೈನು ಹಿಡಿದು ರೈಲಿಳಿದು ನೇರ ಸ್ಮಶಾನಕ್ಕೆ ಬಂದಾಗ ಲೆಮೋನಿಯ ಜಾಗದಲ್ಲಿ ಯಾರೋ ಬೇಕರಿಯವನ ಹೊಸ ಶಿಲುಬೆ ನಿಂತಿತ್ತು. ಸ್ತ್ರಾತಿಸ್ ಓಡಿ ಬಂದ. ಕೈತುಂಬ ನುಣ್ಣನೆಯ ಹಳದಿ ಮಣ್ಣು. ಏನು ಹೇಳಬೇಕೆಂದು ತೋಚದೆ, "ಅಲ್ಲೊಂದು ಹುಡ್ಗಿ ಸಿಕ್ಕಿದ್ದಾಳೆ ಸ್ಮರಾಗ್ದಾ, ನಮ್ ಲೆಮೋನಿಯಷ್ಟೇ ಉದ್ದ" ಎಂದ.

ಗಂಡಸಿಗೆ ಇಂಥ ಹೊತ್ತಿನಲ್ಲಿ ಇಂಥ ಮಾತೇ ಬಾಯಿಗೆ ಬರಬೇಕೇ! ಅವಳು ಕೂಗಿದ್ದರೆ, ಕೆನ್ನೆಗೆ ಹೊಡೆದಿದ್ದರೆ, 'ಮಣ್ಣು ನಿನ್ನ ತಿನ್ನದಿರಲಿ' ಎಂದಿದ್ದರೆ ಅಂದಿಗೇ ಮುಗಿಯುತ್ತಿತ್ತೇನೋ. ಅವಳು ಒಂದು ಮಾತೂ ಆಡಲಿಲ್ಲ. ವೈನನ್ನು ಆ ಬೇಕರಿಯವನ ಗೋರಿಯ ಪಕ್ಕ ಸುರಿದು ಮನೆಗೆ ಹೋಗಿ ಸಾರಿಗಿಟ್ಟಳು. ಆ ಮೇಲಿನ ವರ್ಷಗಳಲ್ಲಿ ಅವನಿಗೆ ಬಡಿಸಿದಳು, ಅಂಗಿ ಇಸ್ತ್ರಿ ಮಾಡಿದಳು, ಕೆಮ್ಮಿಗೆ ಕಷಾಯ ಕಾಯಿಸಿದಳು, ಕೊನೆಗಾಲದಲ್ಲಿ ಎತ್ತಿ ಮಲಗಿಸಿದಳು. ಲೆಮೋನಿಯ ಹೆಸರು ಮಾತ್ರ ಆ ಮನೆಯಲ್ಲಿ ಮತ್ತೆ ಯಾರ ಬಾಯಿಂದಲೂ ಹೊರಡಲಿಲ್ಲ. ಬೇರೆಯವರ ಮೂಳೆ ತೊಳೆಯುವ ಕೆಲಸಕ್ಕೆ ಅವಳು ಇಳಿದದ್ದೂ ಅಲ್ಲಿಂದೀಚೆಗೇ. ಶಾಪ ಹಾಕಿದವರ ಲೆಕ್ಕ ಹಿಡಿಯುವಾಗ ತನ್ನನ್ನು ಅದರಲ್ಲಿ ಸೇರಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ತಾನು ಬಾಯಿಬಿಟ್ಟು ಏನೂ ಅಂದಿರಲಿಲ್ಲವಲ್ಲ!

ಸಮುದ್ರದ ದಂಡೆಯ ಮ್ಯೂಸಿಯಂ ಅವಳ ಮನೆಯಿಂದ ಇಳಿಜಾರು ಇಳಿದರೆ ಸಿಗುವಷ್ಟು ಹತ್ತಿರ. ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಶನಿವಾರಕ್ಕೆ ಎರಡು ದಿನವಿರುವಾಗ ಒಂದು ಬೆಳಗ್ಗೆ ಉಪ್ಪು, ಲೋಟ, ಒಂದು ಬಾಟಲಿ ನೀರು ಹಿಡಿದು ಹೊರಟಳು. ಥಾಸೊಸ್ ದ್ವೀಪದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು.

ಒಳಗಿನ ಕಾವಲಿಗೆ ಕೂತಿದ್ದವಳು ವಾಯಾ. ಅವಳ ತಾಯಿ ಸ್ಮರಾಗ್ದಾಳ ಜೊತೆ ಎಲೆ ವಿಂಗಡಿಸಿದವಳು. ಐವತ್ತು ದಾಟಿದ್ದರೂ ಸ್ಮರಾಗ್ದಾಳನ್ನು ಕಂಡರೆ ಕುರ್ಚಿ ಬಿಟ್ಟು ಏಳುತ್ತಿದ್ದಳು.

"ಅಯ್ಯೋ ದೊಡ್ಡಮ್ಮ! ನೀವಿಲ್ಲಿ? ನೀರಿನ ಬಾಟ್ಲಿ ಒಳಗೆ ಬಿಡಲ್ಲ, ಏನು ಮಾಡೋದೀಗ..."

"ಕುಡಿಯೋಕಲ್ಲ ಕಣೇ. ಆ ಹುಡ್ಗಿ ಎಲ್ಲಿದ್ದಾಳೆ ತೋರ್ಸು. ಕ್ಷಮೆ ಕೇಳ್ಬೇಕು."

ಬೇರೆ ಊರಿನವಳಾಗಿದ್ದರೆ ನಗುತ್ತಿದ್ದಳು. ವಾಯಾ ನಗಲಿಲ್ಲ. ಅವಳಜ್ಜಿಯೂ ಇಂಥ ಉಪ್ಪು ಕಲಕಿಸಿದವಳೇ. ಆಚೀಚೆ ನೋಡಿ, ಸ್ಮರಾಗ್ದಾಳ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದಳು. ಚಳಿಗಾಲ, ಅದೂ ವಾರದ ನಡುವಿನ ದಿನ, ನೋಡುವವರು ಯಾರೂ ಇರಲಿಲ್ಲ. ಮೂಗು ಮುರಿದ ಕಲ್ಲಿನ ಗಂಡಸರು, ಮಡಕೆಗಳು, ಚಿನ್ನದ ಎಲೆಯ ಕಿರೀಟಗಳನ್ನು ದಾಟಿದ ಮೇಲೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ. ಇಬ್ಬರೂ ಒಳಗೆ ಬಂದದ್ದೇ ತಡ ಮೇಲಿನ ದೀಪ ತಾನಾಗಿ ಹೊತ್ತಿಕೊಂಡಿತು.

ಗಾಜಿನ ಪೆಟ್ಟಿಗೆಯಲ್ಲಿ, ಸಿಕ್ಕಿದಾಗ ಇದ್ದ ಹಳದಿ ಮಣ್ಣಿನ ಮೇಲೆಯೇ, ಹುಡುಗಿ ತಲೆಯನ್ನು ಎಡಕ್ಕೆ ವಾಲಿಸಿ ಮಲಗಿದ್ದಳು. ತೋಳಿನ ಬಳಿ ಒಂದು ಮಣ್ಣಿನ ಗೊಂಬೆ. ಕಾಲಬುಡದಲ್ಲಿ ಆಡುವುದಕ್ಕೆಂದು ಇಟ್ಟ ಕುರಿಯ ಗೆಣ್ಣಿನ ಮೂಳೆಗಳು. ಸ್ಮರಾಗ್ದಾಳ ಕಣ್ಣು ರೂಢಿಯಂತೆ ಮೊದಲು ಬಣ್ಣ ನೋಡಿತು. ಅಚ್ಚ ಜೇನುಮೇಣ.

"ಎಂಥಾ ಮೂಳೆ" ಎಂದಳು ಮೆಲ್ಲಗೆ. ಆಮೇಲೆ ಹುಬ್ಬು ಗಂಟಿಕ್ಕಿ, "ತೊಳೆದೇ ಇಲ್ಲವಲ್ಲೇ! ಕಣ್ಣಲ್ಲಿ ಮಣ್ಣು ಹಾಗೇ ಇದೆ."

"ತೊಳೀಬಾರದಂತೆ ದೊಡ್ಡಮ್ಮ."

"ಯಾರಂದ್ರು? ಮಗೂನ ಹೀಗೆ ಬಿಡ್ತಾರಾ?"

ಅವಳು ಅಲ್ಲಿದ್ದ ಬೆಂಚಿನ ಮೇಲೆ ಕುಳಿತಳು. ಇವಳನ್ನು ದ್ವೇಷಿಸಿಯೇ ಬಂದಿದ್ದಳು. ಕಣ್ಣಾರೆ ಕಂಡ ಮೇಲೆ ದ್ವೇಷಿಸುವುದು ಆಗಲಿಲ್ಲ. ಲೋಟವನ್ನು ಪೆಟ್ಟಿಗೆಯ ಅಂಚಿನ ಮೇಲಿಟ್ಟು ನೀರು ಹೊಯ್ದು, ಗಂಟು ಬಿಚ್ಚಿ ಚಿಟಿಕೆ ಉಪ್ಪು ಹಾಕಿದಳು.

"ಮಗಾ, ನಿನ್ ಹೆಸರು ಗೊತ್ತಿಲ್ಲ. ನನ್ ಗಂಡ ನಿನ್ನ ನಿದ್ದೆ ಕೆಡಿಸ್ದ. ದಡ್ಡ, ಆದ್ರೆ ಕೆಟ್ಟೋನಲ್ಲ. ನಿನಗೆ ಕೈ ಆಡಿಸೋಕಾಗಲ್ಲ, ನಿನ್ ಪರವಾಗಿ ನಾನೇ ಆಡಿಸ್ತೀನಿ. ಬಿಟ್ಟುಬಿಡು ಅವನ್ನ."

ಬೆರಳು ಅದ್ದಿ ಕಲಕಿದಳು. ಉಪ್ಪು ಸುತ್ತಿ ಸುತ್ತಿ ಬಂದು ತಳದಲ್ಲಿ ಕೂತಿತು. ಇನ್ನೊಮ್ಮೆ ಕಲಕಿದಳು. ಉಂಗುರ ಗಾಜಿಗೆ ತಾಗಿ ಟಿಣ್ ಟಿಣ್ ಎಂದಿತು. ಹರಳುಗಳು ಮರಳಿನಂತೆ ಸುತ್ತಿ ಮತ್ತೆ ತಳ ಹಿಡಿದವು. ಒಂದೂ ಸಣ್ಣಗಾಗಿರಲಿಲ್ಲ.

"ನೀರು ತಣ್ಣಗಿರ್ಬೇಕು" ಎಂದಳು ವಾಯಾ.

"ಝುಂಬುಲಿಯಾ ಮನೇಲೂ ತಣ್ಣೀರೇ."

"ತಾಳಿ, ನಾನು ನೋಡ್ತೀನಿ." ವಾಯಾ ತನ್ನ ಬೆರಳಿಟ್ಟು ಎರಡು ಸುತ್ತು ತಿರುಗಿಸಿದಳು. ಲೋಟ ತಿಳಿಯಾಯಿತು. ತಳದಲ್ಲಿ ಏನೂ ಇರಲಿಲ್ಲ.

ಸ್ಮರಾಗ್ದಾ ಅದೇ ಗಂಟಿನಿಂದ ಇನ್ನೊಂದು ಚಿಟಿಕೆ ತೆಗೆದು, ಅದೇ ನೀರಿಗೆ ಹಾಕಿ, ತನ್ನ ಬೆರಳಿಂದ ಕಲಕಿದಳು. ಹರಳುಗಳು ಸುತ್ತಿದವು, ಇಳಿದವು, ಕೂತವು. ದೀಪದ ಬೆಳಕಿನಲ್ಲಿ ಒಂದೊಂದೂ ಬೇರೆ ಬೇರೆಯಾಗಿ ಹೊಳೆಯುತ್ತಿದ್ದವು.

ಎಷ್ಟು ಹೊತ್ತು ಹಾಗೆ ಕೂತರೋ. ಫಕ್ಕನೆ ದೀಪ ಆರಿತು. ಕೋಣೆ ಕಗ್ಗತ್ತಲಾಯಿತು. ಸ್ಮರಾಗ್ದಾ ಚೀರಿಬಿಟ್ಟಳು.

"ಹೆದರ್ಬೇಡಿ, ಹೆದರ್ಬೇಡಿ" ಎಂದಿತು ವಾಯಾಳ ದನಿ. "ಅಲುಗಾಡದೆ ಕೂತ್ರೆ ಆರಿಹೋಗತ್ತೆ, ಹಾಗೆ ಮಾಡಿಟ್ಟಿದ್ದಾರೆ. ಕೈ ಬೀಸಿದ್ರೆ ಮತ್ತೆ ಹತ್ಕೊಳತ್ತೆ. ದೊಡ್ಡಪ್ಪಂಗೆ, ಅದೇ ನಿಮ್ಮ ಯಜಮಾನ್ರಿಗೆ, ಕತ್ತಲೇ ಇಷ್ಟ ಆಗ್ತಿತ್ತು. ದೀಪ ಹೋಗ್ಲಿ ಅಂತಾನೇ ಕಲ್ಲಿನ ಹಾಗೆ ಕೂರ್ತಿದ್ರು."

ಕತ್ತಲಲ್ಲಿ ಸ್ಮರಾಗ್ದಾಳ ಉಸಿರು ಕೇಳಿಸುತ್ತಿತ್ತು. "ಯಾರು ಕೂರ್ತಿದ್ರು?"

"ಸ್ತ್ರಾತಿಸ್ ದೊಡ್ಡಪ್ಪ. ಭಾನುವಾರ ಭಾನುವಾರ ಬರ್ತಿದ್ರಲ್ಲ. ನಾನು ಕೆಲ್ಸಕ್ಕೆ ಸೇರೋಕೆ ಮುಂಚಿಂದಾನೂ ಬರ್ತಿದ್ರಂತೆ." ವಾಯಾ ತಡೆದಳು. "ನಿಮ್ಗೆ ಗೊತ್ತಿಲ್ವಾ? ದೊಡ್ಡಮ್ಮ?"

ಭಾನುವಾರ ಅವನು ಪಗಡೆಗೆ ಹೋಗುತ್ತೇನೆ ಎಂದು ಹೋಗುತ್ತಿದ್ದ. ಇಸ್ತ್ರಿ ಮಾಡಿದ ಅಂಗಿಯನ್ನು ಅವಳೇ ಕುರ್ಚಿಯ ಬೆನ್ನಿಗೆ ಹಾಕಿಡುತ್ತಿದ್ದಳು.

"ಬಂದು ಏನು ಮಾಡ್ತಿದ್ದ?"

"ಕರ್ಚೀಫಲ್ಲಿ ಗಾಜು ಒರೆಸೋರು. ಮಕ್ಕಳ ಬೆರಳಿನ ಗುರುತು ಇದ್ರೆ ಆಗ್ತಿರ್ಲಿಲ್ಲ ಅವ್ರಿಗೆ. ಆಮೇಲೆ ದೀಪ ಆರಿದ ಮೇಲೆ ಮಾತಾಡೋರು. ಹೊರಗಡೆ ಕುರ್ಚಿಗೂ ಕೇಳಿಸ್ತಿತ್ತು. ಊಟಕ್ಕೇನು ಮಾಡಿದ್ರು, ಯಾರ ಮದ್ವೆ ಆಯ್ತು, ಗಾಳಿ ಎಷ್ಟಿತ್ತು..." ವಾಯಾಳ ದನಿ ಸಣ್ಣಗಾಯಿತು. "ಲೆಮೋನಿ ಅಂತಿದ್ರು. ಇವಳಿಗೆ ಅವ್ರೇ ಇಟ್ಟ ಹೆಸರು ಅಂದ್ಕೊಂಡಿದ್ದೆ. ಒಂದೊಂದ್ಸಲ ಮಾತಿನ ಮಧ್ಯೆ ಸುಮ್ನಾಗೋರು. ಇನ್ನೊಬ್ರ ಮಾತು ಮುಗೀಲಿ ಅಂತ ಕಾಯ್ತೀವಲ್ಲ, ಹಾಗೆ. ಆಮೇಲೆ ನಗೋರು. ಅವಾಗ ಮಾತ್ರ ನಾನು ಆ ಬಾಗಿಲ ಹತ್ರ ಬರ್ತಿರ್ಲಿಲ್ಲ."

ಇಬ್ಬರೂ ಅಲುಗಲಿಲ್ಲ. ಯಾರೂ ಕೈ ಬೀಸಲಿಲ್ಲ. ದೀಪ ಹೊತ್ತಿಕೊಂಡಿತು.

ಗಾಜಿನಾಚೆ ಹುಡುಗಿ ಮೊದಲಿನಂತೆಯೇ ತಲೆ ವಾಲಿಸಿ ಮಲಗಿದ್ದಳು. ಗಾಜಿನ ಮೇಲೆ ಸ್ಮರಾಗ್ದಾಳ ಮುಖದ ಬಿಂಬ ಬಿದ್ದಿತ್ತು.

"ಹೀಗಾಗತ್ತೆ ಒಂದೊಂದ್ಸಲ" ಎಂದಳು ವಾಯಾ, ಎದ್ದು ನಿಂತು. "ರಿಪೇರಿಯೋನು ಬಂದು ನೋಡಿ ಎಲ್ಲ ಸರಿಯಿದೆ ಅಂದ. ನಡೀರಿ ದೊಡ್ಡಮ್ಮ, ಹೊರಗೆ ಹೋಗೋಣ."

ಸ್ಮರಾಗ್ದಾ ಏಳಲಿಲ್ಲ. ಲೋಟದ ತಳದ ಹರಳುಗಳನ್ನೇ ನೋಡುತ್ತಿದ್ದಳು. ಯಾರ ಕೈಯಲ್ಲಿ ಕರಗದೆ ಉಳಿದಿವೆ ಎಂದು ಈಗ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನನ್ನು ಕತ್ತಲಲ್ಲಿ ಹಿಡಿದಿಟ್ಟವಳು ತಾನೇ. ಮಗಳ ಮೂಳೆ ಬಾವಿಗೆ ಬಿದ್ದದ್ದರ ಸಿಟ್ಟು ಅವಳಲ್ಲಿ ಹಳೆಯದು. ಅದು ಎಲ್ಲಿ ನೋಯುತ್ತದೆ, ಎಷ್ಟು ನೋಯುತ್ತದೆ ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಇವತ್ತು ಅದರ ಮೇಲೆ ಬಂದು ಕೂತದ್ದು ಹೊಸದು, ಅದಕ್ಕಿಂತ ಉರಿಯುವಂಥದ್ದು.

"ಅವ್ನಿಗೆ ಹೋಗಿ ಕೂರೋಕೆ ಒಬ್ಳು ಮಗಳಿದ್ಳು" ಎಂದಳು. "ಮಾತಾಡಿಸೋಕೆ. ಊಟಕ್ಕೇನಿತ್ತು ಅಂತ ಹೇಳೋಕೆ. ಆ ಅಡುಗೆ ಮಾಡಿದೋಳು ನಾನು ಕಣೇ! ಒಂದ್ ದಿನ, ಒಂದೇ ಒಂದ್ದಿನ, ನೀನೂ ಬಾ ಅಂತ ಕರೀಲಿಲ್ಲ ನನ್ನ."

ವಾಯಾ ದೊಡ್ಡಮ್ಮನ ಬೆನ್ನು ಸವರಿದಳು. ಸ್ಮರಾಗ್ದಾ ಅಳಲಿಲ್ಲ. ಹೊರಡುವಾಗ ಗಾಜಿನ ಮೇಲೆ ಲೋಟ ಇಟ್ಟಿದ್ದ ನೀರಿನ ಗುಂಡನೆ ಗುರುತನ್ನು ತನ್ನ ತೋಳಿನಿಂದ ಒರೆಸಿದಳು, ಎರಡು ಸಲ.

ಶನಿವಾರ ಸ್ಮಶಾನದಲ್ಲಿ ಕಪ್ಪು ಬಟ್ಟೆಯ ಹೆಂಗಸರು ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆ ಬೆರೆಸಿ ತಟ್ಟೆ ತಟ್ಟೆ ಹಿಡಿದು ಬಂದಿದ್ದರು. ಪಾದ್ರಿ ಸತ್ತವರ ಹೆಸರುಗಳನ್ನು ಉಸಿರು ಬಿಡದೆ ಓದುತ್ತಿದ್ದರು. ಸ್ತ್ರಾತಿಸ್ ಎಂಬ ಹೆಸರು ಬಂದಾಗ ಹಲವು ತಲೆಗಳು ಮೂಲೆಯ ಗೋರಿಯತ್ತ ತಿರುಗಿದವು. ಅಲ್ಲಿ ಅನೆಸ್ತಿಸ್ ಆಗಲೇ ಸೊಂಟದವರೆಗೆ ಇಳಿದಿದ್ದ. ಕ್ಷೌರದ ಪಂತೆಲಿಸ್ ಕೂಡ ಬಂದು ಟೋಪಿ ಕೈಯಲ್ಲಿ ಹಿಡಿದು ದೂರ ನಿಂತಿದ್ದ. ಸನಿಕೆ ಮರಕ್ಕೆ ತಾಗಿದ ಸದ್ದಾಯಿತು.

"ಹಲಗೆ ಬಂತು ಕೀರಾ. ಎತ್ಲಾ?"

ಸ್ಮರಾಗ್ದಾ ಅವನ ಕೈ ಹಿಡಿದುಕೊಂಡು ಗುಂಡಿಗಿಳಿದಳು. ಎಪ್ಪತ್ತು ದಾಟಿದ ಹೆಂಗಸು ಹಾಗೆ ಇಳಿದದ್ದನ್ನು ನೋಡಿ ಮೇಲೆ ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಅವಳು ಅಂಗೈಯನ್ನು ಹಲಗೆಯ ಮೇಲಿಟ್ಟಳು. ಸುತ್ತಲಿನ ಮಣ್ಣು ಚಳಿಗೆ ಕೊರೆಯುತ್ತಿತ್ತು. ಹಲಗೆ ಬೆಚ್ಚಗಿತ್ತು, ಒಲೆಯ ಹಿಂದಿನ ಗೋಡೆಯ ಹಾಗೆ. ಕೈ ತೆಗೆದಳು, ಮತ್ತೆ ಇಟ್ಟಳು. ಬೆಚ್ಚಗೇ ಇತ್ತು.

"ಮುಚ್ಚು" ಎಂದಳು.

"ಏನು?"

"ಮಣ್ಣು ಮುಚ್ಚು ಅಂದೆ."

"ತಮಾಷೆನಾ ಕೀರಾ? ಕರಗಿದ್ದಾನೋ ಇಲ್ವೋ ನೋಡೋದು ಬೇಡ್ವಾ?"

"ಕರಗಿಬಿಟ್ಟಿದ್ರೆ ಏನು ಮಾಡ್ಲೋ? ಲೆಮೋನಿನ ಎತ್ತಿ ಆಡ್ಸಿದೋರು ಈ ಊರಲ್ಲಿ ನಾನು ಬಿಟ್ರೆ ಇವನೊಬ್ನೇ. ಅವಳ ವಿಷ್ಯ ಯಾರ ಹತ್ರ ಮಾತಾಡ್ಲಿ, ನಿನ್ ಹತ್ರಾನಾ?"

"ಲೆಮೋನಿ ಅಂದ್ರೆ ಯಾರು?"

"ನೋಡ್ದ್ಯಾ" ಎಂದಳು ಸ್ಮರಾಗ್ದಾ. "ನೋಡ್ದ್ಯಾ ಮತ್ತೆ."

"ಊರೋರು ಏನಂದಾರು ಕೀರಾ?" ಅನೆಸ್ತಿಸ್ ದನಿ ತಗ್ಗಿಸಿದ. "ಪಾಪ, ಅವ್ನ ಗತಿ ಏನು?"

"ಊರ ಬಾಯಿ ಊರೋರೇ ತೊಳ್ಕೊಳ್ಲಿ. ಅವ್ನನ್ನ ಬಿಡ್ತೀನಿ. ಬಿಡಲ್ಲ ಅಂದ್ನಾ? ಇಷ್ಟು ವರ್ಷದ್ದು ಒಂದಿಷ್ಟು ಮಾತಿದೆ, ಆಡಿ ಬಿಡ್ತೀನಿ."

ಅನೆಸ್ತಿಸ್ ಅವಳನ್ನು ಮೇಲಕ್ಕೆತ್ತಿ ಕೂರಿಸಿ, ಗೊಣಗುತ್ತಲೇ ಮಣ್ಣೆಳೆದ. ಪಂತೆಲಿಸ್ ಟೋಪಿ ಹಾಕಿಕೊಂಡು ಹೋದ. ಹೆಂಗಸರು ಗೋಧಿಯ ತಟ್ಟೆಗಳನ್ನು ಹಂಚಿ, ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುತ್ತ ಇಳಿಜಾರು ಇಳಿದರು. ಸ್ಮರಾಗ್ದಾ ಸುಂಕದ ಗುಮಾಸ್ತನ ಗೋರಿಯ ಕಟ್ಟೆಯ ಮೇಲೆ, ಗಂಡನ ಕಡೆ ಮುಖ ಮಾಡಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬೆರಳಿನ ಉಂಗುರವನ್ನು ಒಂದೆರಡು ಸುತ್ತು ತಿರುವಿದಳು.

"ಸ್ತ್ರಾತಿ" ಎಂದಳು ಕೊನೆಗೆ. "ಮೊದಲ್ನೇ ಭಾನುವಾರ ಹೋದಾಗ, ಅಮ್ಮ ಎಲ್ಲಿ ಅಂತ ಕೇಳಿದ್ಳಾ ಅವಳು?"